ಯುಗಾದಿಗೆ ಮುಂಚೆ ಸುಣ್ಣ, ಭರಣಿ ಮಳೆಗೆ ಮುಂಚೆ ಪೈಪು: ಹಳೇ ಮನೆ ಟೆರೇಸಿನ ಕೆಲ್ಸ ನಾವೇ ಮಾಡ್ಕೊಳ್ಳೋದು ಹೇಗೆ

ನಮ್ದು ಬೆಂಗಳೂರಲ್ಲಿ 30-40 ಸೈಟಿನ ಮನೆ, ಕಟ್ಸಿದ್ದು ತೊಂಬತ್ತರ ದಶಕದಲ್ಲಿ, ಕೆಳಗೆ ಅಪ್ಪ ಅಮ್ಮ ಮೇಲೆ ನಾವು. ಮೇಲಿನ ಮನೇಲಿ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಮಾರ್ಚ್ ಶುರುವಾದ್ರೆ ರಾತ್ರಿ 10 ಗಂಟೆಗೂ ಫ್ಯಾನು ಮೇಲಿಂದ ಬಿಸಿಗಾಳಿನೇ ಸುರಿಯುತ್ತೆ, ಹಾಸಿಗೆ ಮುಟ್ಟಿದ್ರೆ ಈಗಷ್ಟೇ ಇಸ್ತ್ರಿ ಮಾಡಿಟ್ಟಂಗಿರುತ್ತೆ. ಅದೇ ಮನೆ ಮೇಲೆ ಮೇ ತಿಂಗಳಲ್ಲಿ ಒಂದು ಸಂಜೆ ಮಳೆ ಬಂದ್ರೆ ಅಷ್ಟೂ ನೀರು ಧೋ ಅಂತ ಪೈಪಲ್ಲಿ ಇಳಿದು ಮೋರಿಗೆ ಹೋಗುತ್ತೆ, ಮಾರನೇ ದಿನ ನಾವು ಟ್ಯಾಂಕರಿನವನಿಗೆ ಫೋನ್ ಮಾಡಿ ಅಣ್ಣಾ ಇವತ್ತು ಬರ್ತೀಯಾ ಅಂತ ಕೇಳ್ತಾ ಕೂತಿರ್ತೀವಿ. ಸೆಕೆ ಬರೋದೂ ಟೆರೇಸಿಂದ, ನೀರು ಬರೋದೂ ಟೆರೇಸಿಂದ, ಆದ್ರೆ ನಾವು ದುಡ್ಡು ಹಾಕೋದು ಮಾತ್ರ ಕೆಳಗೆ, ಏಸಿಗೆ ಮತ್ತೆ ಟ್ಯಾಂಕರಿಗೆ.

ಪರಿಸರಸ್ನೇಹಿ ಮನೆ ಅಂದ ತಕ್ಷಣ ಜನ ಬಿದಿರಿನ ಫ್ಲೋರಿಂಗು, ಹೆಸರಲ್ಲಿ ಇಕೋ ಅಂತ ಇರೋ ಪೇಂಟು, ಗೋಡೆಗೆ ನೇತಾಕೋ ಗಾರ್ಡನ್ನು ಅಂತ ಶುರು ಮಾಡ್ತಾರೆ. ಚೆನ್ನಾಗಿರೋ ರೆಡ್ ಆಕ್ಸೈಡ್ ನೆಲ ಕಿತ್ತು ಬಿದಿರು ಹಾಕಿಸೋದ್ರಲ್ಲಿ ಯಾವ ಪರಿಸರ ಉಳೀತು ಅಂತ ನಂಗಂತೂ ಗೊತ್ತಾಗಿಲ್ಲ. ನಾನು ಇಲ್ಲಿ ಹೇಳ್ತಿರೋದು ಇರೋ ಮನೇನ ಇದ್ದ ಹಾಗೇ ಇಟ್ಕೊಂಡು, ಶನಿವಾರ ಭಾನುವಾರ ನಾವೇ ಮಾಡ್ಬಹುದಾದ ಕೆಲ್ಸಗಳು. ಅದ್ರಲ್ಲೂ ಮುಖ್ಯವಾಗಿ ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋದು, ಯಾಕಂದ್ರೆ ನಾನು ಮೊದಲನೇ ವರ್ಷ ಉಲ್ಟಾ ಮಾಡಿದ್ದೆ. ಮಾರ್ಚಲ್ಲಿ ಮಳೆನೀರಿನ ಡ್ರಮ್ಮು ಫಿಲ್ಟರು ಎಲ್ಲಾ ಜೋಡಿಸಿ, ಆಮೇಲೆ ಸೆಕೆ ತಡೀಲಾರದೆ ಏಪ್ರಿಲ್ ಕೊನೇಲಿ ಟೆರೇಸಿಗೆ ಸುಣ್ಣ ಬಳಿದೆ, ಮೂರನೇ ದಿನಕ್ಕೆ ಬಂತು ನೋಡಿ ಮಳೆ, ಹಸಿ ಸುಣ್ಣ ಅಷ್ಟೂ ಪೈಪಲ್ಲಿ ಇಳಿದು ಫಿಲ್ಟರಿನ ಮರಳೊಳಗೆ ಕೂತ್ಕೊಂಡ್ತು, ಡ್ರಮ್ಮಲ್ಲಿ ಮಜ್ಜಿಗೆ ತರ ನೀರು. ಅಪ್ಪ ಬಗ್ಗಿ ನೋಡಿ ಒಗ್ಗರಣೆ ಹಾಕ್ಬಿಡು ಅಂದ್ರು.

ಹಾಗಾಗಿ ಕ್ಯಾಲೆಂಡರ್ ಇಟ್ಕೊಳ್ಳಿ. ಫೆಬ್ರವರಿಲಿ ಬಿರುಕು ನೋಡ್ಕೊಳ್ಳೋದು, ಮಾರ್ಚಲ್ಲಿ ಯುಗಾದಿಗೆ ಮುಂಚೆ ಸುಣ್ಣ, ಏಪ್ರಿಲಲ್ಲಿ ಪೈಪು. ಬೆಂಗಳೂರಲ್ಲಿ ಮುಂಗಾರು ಜೂನಿಗೆ ಬರುತ್ತೆ ಅಂತ ಕಾಯ್ಬೇಡಿ, ಅಶ್ವಿನಿ ಭರಣಿ ಮಳೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದೊಳಗೇ ಬಂದು ಹೋಗುತ್ತೆ, ಅದೂ ಗುಡುಗು ಸಿಡಿಲು ಸಮೇತ ಅರ್ಧ ಗಂಟೇಲಿ ಸುರಿದು ಹೋಗೋ ಮಳೆ.

ಫೆಬ್ರವರಿ: ಬಿರುಕು ಮತ್ತು ಅರಳಿ ಗಿಡ

ಟೆರೇಸ್ ಚೆನ್ನಾಗಿ ಗುಡಿಸಿ, ಒಂದು ಹತ್ತು ಬಕೆಟ್ ನೀರು ಬೇರೆ ಬೇರೆ ಕಡೆ ಸುರೀರಿ, ಕುಡಿಯೋ ನೀರು ಬೇಡ, ಬಟ್ಟೆ ಒಗೆದ ನೀರೇ ಸಾಕು. ನೀರು ಎಲ್ಲಿ ನಿಂತ್ಕೊಳ್ಳುತ್ತೆ, ಯಾವ ಮೂಲೆ ಪೈಪಿಗೆ ಹೋಗುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಳ್ಳಿ. ನೀರು ಆರ್ತಾ ಬಂದಾಗ ಬಿರುಕು ಇರೋ ಕಡೆ ಗೆರೆ ಗೆರೆ ಒದ್ದೆ ಉಳ್ಕೊಳ್ಳುತ್ತೆ, ಒಣ ನೆಲದ ಮೇಲೆ ಕಾಣದೇ ಇರೋ ಬಿರುಕೂ ಆವಾಗ ಕಾಣ್ಸುತ್ತೆ. ಬಿರುಕನ್ನ ತಂತಿ ಬ್ರಷ್ಷಲ್ಲಿ ಉಜ್ಜಿ, ಧೂಳು ತೆಗೆದು, ಹಾರ್ಡ್‌ವೇರ್ ಅಂಗಡೀಲಿ ಸಿಗೋ ಕ್ರ್ಯಾಕ್ ಫಿಲ್ಲರ್ ತುಂಬಿ. ಬರೀ ಸಿಮೆಂಟ್ ಹಾಲು ಸುರಿದ್ರೆ ಒಂದು ಬೇಸಿಗೇಲೇ ಮತ್ತೆ ಬಾಯಿ ಬಿಡುತ್ತೆ, ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿ ಆಗ್ತಿರುತ್ತಲ್ಲ. ಆದ್ರೆ ಒಳಗಡೆ ಸೀಲಿಂಗಲ್ಲಿ ಕಂಬಿ ಕಾಣಿಸೋ ಹಾಗೆ ಸಿಮೆಂಟ್ ಉದುರಿದ್ರೆ, ತುಕ್ಕಿನ ಕಲೆ ಇದ್ರೆ, ಅದು ನಿಮ್ಮ ಕೆಲ್ಸ ಅಲ್ಲ, ಇಂಜಿನಿಯರ್‌ಗೆ ತೋರ್ಸಿ.

ಪ್ಯಾರಾಪೆಟ್ ಸಂದಿಲಿ ಅರಳಿ ಗಿಡ ಇದ್ರೆ ನಾಲ್ಕು ಎಲೆ ಇರೋವಾಗಲೇ ತೆಗೀರಿ, ಕಾಂಡ ಬೆರಳಷ್ಟು ದಪ್ಪ ಆದ್ಮೇಲೆ ಗೋಡೆ ಒಡೀದೆ ಬೇರು ಬರಲ್ಲ. ನಮ್ಮಮ್ಮ ಅರಳಿ ಗಿಡ ಕೀಳೋಕೆ ಬಿಡಲ್ಲ ಅಂತ ಕೂತಿದ್ರು, ಕೊನೆಗೆ ಬೇರು ಸಮೇತ ಬಿಡಿಸಿ ಒಂದು ಹಾಲಿನ ಕವರಲ್ಲಿ ಮಣ್ಣು ಹಾಕಿ ನೆಟ್ಟು, ದೇವಸ್ಥಾನದ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು ಬಂದ್ವಿ, ಇಬ್ರಿಗೂ ಸಮಾಧಾನ.

ಮಾರ್ಚ್: ಸುಣ್ಣ

ಇದು ಹಳೇ ವಿದ್ಯೆನೇ, ಅಜ್ಜಿ ಕಾಲದಲ್ಲಿ ಗೋಡೆಗೆ ಬಳೀತಿದ್ದಿದ್ದು, ಅದನ್ನೇ ತಾರಸಿಗೆ ಬಳಿಯೋದು. ಈಗ ಇದಕ್ಕೆ ಕೂಲ್ ರೂಫ್ ಅಂತ ಹೆಸರಿಟ್ಟು ಅಹಮದಾಬಾದಲ್ಲಿ 2017ರಿಂದ ಸಣ್ಣ ಮನೆಗಳ ಸೂರಿಗೆಲ್ಲಾ ಬಿಳಿ ಬಳಿಸಿದ್ರು, ತೆಲಂಗಾಣ 2023ರಲ್ಲಿ ಇದಕ್ಕೇ ಅಂತ ಒಂದು ಪಾಲಿಸಿನೇ ತಂತು. ವಿಷ್ಯ ಏನಂದ್ರೆ ಸಿಮೆಂಟ್ ಸ್ಲ್ಯಾಬು ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು ಕುಡೀತಾ ಕೂತು, ನಾವು ಮಲಗೋ ಹೊತ್ತಿಗೆ ಸರಿಯಾಗಿ ಅದನ್ನ ಒಳಗಡೆ ಬಿಡುತ್ತೆ. ಬಿಳಿ ಬಳಿದ್ರೆ ಬಿಸಿಲಲ್ಲಿ ಜಾಸ್ತಿ ಪಾಲು ಬಂದ ದಾರೀಲೇ ವಾಪಸ್ ಹೋಗುತ್ತೆ, ಸ್ಲ್ಯಾಬಿಗೆ ಕುಡಿಯೋಕೆ ಸಿಗೋದೇ ಕಮ್ಮಿ. ಒಳಗೆ 2ರಿಂದ 5 ಡಿಗ್ರಿ ಇಳಿಯುತ್ತೆ ಅಂತಾರೆ, ನಮ್ಮನೇಲಿ ಗೋಡೆ ಥರ್ಮಾಮೀಟರ್ ಪ್ರಕಾರ ರಾತ್ರಿ ಹೊತ್ತು ಸುಮಾರು 3 ಡಿಗ್ರಿ ಕಮ್ಮಿ ಬಂತು. ಥರ್ಮಾಮೀಟರ್ ಇಲ್ಲ ಅಂದ್ರೆ ಸ್ಟೂಲ್ ಹತ್ತಿ ರಾತ್ರಿ 9ಕ್ಕೆ ಸೀಲಿಂಗ್ ಮೇಲೆ ಅಂಗೈ ಇಡಿ, ಬಳಿಯೋ ಮುಂಚಿನ ದಿನ ಒಂದ್ಸಲ ಬಳಿದ ಮೇಲೆ ಒಂದ್ಸಲ, ಕೈಗೇ ಗೊತ್ತಾಗುತ್ತೆ. ಫ್ಯಾನ್ ಆಫ್ ಮಾಡಿ ಸ್ಟೂಲ್ ಹತ್ತಿ ಮಾರಾಯ್ರೆ.

ಮಾರ್ಕೆಟ್ಟಲ್ಲಿ ರೆಡಿಮೇಡ್ ರಿಫ್ಲೆಕ್ಟಿವ್ ಪೇಂಟ್ ಸಿಗುತ್ತೆ, ಸುಣ್ಣಕ್ಕಿಂತ ಜಾಸ್ತಿ ವರ್ಷ ಬಾಳುತ್ತೆ, ಬೆಲೆನೂ ಹಾಗೇ ಇದೆ, ಮತ್ತೆ ಅದು ಪ್ಲಾಸ್ಟಿಕ್ ಪೊರೆ, ಎದ್ದಾಗ ಸಿಪ್ಪೆ ಸಿಪ್ಪೆ ಬರುತ್ತೆ. ಸುಣ್ಣ ಪ್ರತಿ ವರ್ಷ ಬಳೀಬೇಕು, ಆದ್ರೆ ಒಂದು ಬೆಳಗ್ಗೆ ಕೆಲ್ಸ ಅಷ್ಟೇ. ನಾನು ಸುಣ್ಣದ ಪಾರ್ಟಿ.

ಸುಣ್ಣದಲ್ಲಿ ಎರಡು ತರ ಸಿಗುತ್ತೆ. ಒಂದು ಕಲ್ಲು ಸುಣ್ಣ, ಅದನ್ನ ನಾವೇ ಅರಳಿಸ್ಬೇಕು. ಇನ್ನೊಂದು ಮೂಟೇಲಿ ಬರೋ ಸುಣ್ಣದ ಪುಡಿ, ಆಗ್ಲೇ ಅರಳಿಸಿ ಜರಡಿ ಹಿಡಿದಿರೋದು. ಮೊದಲನೇ ಸಲ ಮಾಡೋರು ದಯವಿಟ್ಟು ಪುಡಿನೇ ತಗೊಳ್ಳಿ. ಕಲ್ಲು ಸುಣ್ಣ ನೀರಿಗೆ ಬಿದ್ರೆ ಕೊತ ಕೊತ ಕುದಿಯುತ್ತೆ, ಒಲೆ ಬೇಡ ಬೆಂಕಿ ಬೇಡ, ಪ್ಲಾಸ್ಟಿಕ್ ಬಕೆಟ್ ಆದ್ರೆ ತಳ ಮೆತ್ತಗಾಗಿ ಜೋತು ಬೀಳುತ್ತೆ, ಅಲ್ಯೂಮಿನಿಯಂ ಪಾತ್ರೆ ಆದ್ರೆ ಸುಣ್ಣವೇ ಅದನ್ನ ತಿನ್ನುತ್ತೆ. ಕಲ್ಲೇ ಬೇಕು ಅನ್ನೋರು ಕಬ್ಬಿಣದ ಡ್ರಮ್ಮಲ್ಲಿ ಮೊದ್ಲು ನೀರು ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪ ಕಲ್ಲು ಬಿಡಿ, ಕಲ್ಲಿನ ಮೇಲೆ ನೀರು ಸುರೀಬೇಡಿ, ಮುಖಕ್ಕೆ ಸಿಡಿಯುತ್ತೆ. ಪುಡಿ ಆದ್ರೂ ಕಲ್ಲಾದ್ರೂ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಕಾಲಿಗೆ ಹಳೇ ಶೂ ಇರ್ಲೇಬೇಕು. ಚರ್ಮದ ಮೇಲೆ ಬಿದ್ರೆ ತೊಳ್ಕೊಂಡ್ರೆ ಆಯ್ತು, ಕಣ್ಣಿಗೆ ಬಿದ್ರೆ ಆಟ ಅಲ್ಲ, ಹದಿನೈದು ಇಪ್ಪತ್ತು ನಿಮಿಷ ನಲ್ಲಿ ಕೆಳಗೆ ಕಣ್ಣು ಬಿಟ್ಟು ತೊಳ್ದು ಸೀದಾ ಡಾಕ್ಟರ್ ಹತ್ರ ಹೋಗಿ. ಮಕ್ಕಳನ್ನ ಆ ದಿನ ಟೆರೇಸಿಗೆ ಬಿಡ್ಬೇಡಿ.

ಅಳತೆ ಹೇಳ್ತೀನಿ. ನಮ್ಮ ಟೆರೇಸು ನೀರಿನ ಟ್ಯಾಂಕು ಮೆಟ್ಟಿಲು ರೂಮು ಬಿಟ್ಟು ಸುಮಾರು 900 ಚದರಡಿ, ಎರಡು ಸಲ ಬಳಿಯೋಕೆ 25 ಕೆಜಿ ಮೂಟೆ ಒಂದು ಸಾಕಾಯ್ತು. ಹಿಂದಿನ ರಾತ್ರಿನೇ ಪುಡಿನ ನೀರಲ್ಲಿ ನೆನೆಸಿಡಿ, ಬೆಳಗ್ಗೆ ಹೊತ್ತಿಗೆ ಬೆಣ್ಣೆ ತರ ಆಗಿರುತ್ತೆ, ಅದಕ್ಕೆ ನೀರು ಸೇರಿಸ್ತಾ ಗಟ್ಟಿ ಮಜ್ಜಿಗೆ ಹದಕ್ಕೆ ತಂದು ಹಳೇ ಪಂಚೇಲಿ ಸೋಸಿ, ಇಲ್ದಿದ್ರೆ ಹರಳು ಬ್ರಷ್ಷಿಗೆ ಸಿಕ್ಕಿ ಗೆರೆ ಬೀಳುತ್ತೆ. ಅಂಟು ಬೇಕೇ ಬೇಕು, ಬರೀ ಸುಣ್ಣ ಆದ್ರೆ ಕಾಲಿಗೆ ಬಟ್ಟೆಗೆ ಎಲ್ಲಾ ಮೆತ್ಕೊಂಡು ಬರುತ್ತೆ. ಹಿಂದೆ ಬೆಲ್ಲ, ಗೋಂದು, ಕಳ್ಳಿ ರಸ ಅಂತ ಊರಿಗೊಂದು ಹಾಕ್ತಿದ್ರು, ನಾನು ಸುಣ್ಣ ಬಳಿಯೋರು ಬಳಸೋ ಫೆವಿಕಾಲ್ ಡಿಡಿಎಲ್ 1 ಕೆಜಿ ಬಿಸಿನೀರಲ್ಲಿ ಕರಗಿಸಿ ಹಾಕಿದೆ, ಜೊತೆಗೆ ಎರಡು ಹಿಡಿ ಕಲ್ಲುಪ್ಪು. ಉಪ್ಪು ತೇವ ಹಿಡ್ಕೊಳ್ಳುತ್ತೆ, ಸುಣ್ಣ ಬೇಗ ಒಣಗಿ ಪುಡಿ ಆಗಲ್ಲ. ಬೆಲ್ಲ ಹಾಕಿ ನೋಡೋಣ ಅಂತಿದ್ದೆ, ಇರುವೆ ಸಾಲು ನೆನಪಾಗಿ ಬಿಟ್ಟೆ.

ಬಳಿಯೋಕೆ ಉದ್ದ ಕೋಲಿನ ಪೊರಕೆ ಇದ್ಯಲ್ಲ, ತೆಂಗಿನ ಕಡ್ಡಿದಲ್ಲ, ಮೆತ್ತಗಿರೋದು, ಅದೇ ಬೆಸ್ಟು, ಸೊಂಟ ಬಗ್ಗಿಸ್ಬೇಕಾಗಿಲ್ಲ. ಬೆಳಗ್ಗೆ 6ಕ್ಕೇ ಶುರು ಮಾಡಿ. ಮೊದ್ಲು ನೆಲನ ನೀರು ಚಿಮುಕಿಸಿ ತೇವ ಮಾಡಿ, ನೀರು ನಿಲ್ಲೋಷ್ಟಲ್ಲ, ಒಣ ಸಿಮೆಂಟ್ ಮೇಲೆ ಬಳಿದ್ರೆ ಸುಣ್ಣದ ನೀರನ್ನೆಲ್ಲಾ ಅದು ಎಳ್ಕೊಂಡು ಮೇಲೆ ಬರೀ ಪುಡಿ ಉಳಿಯುತ್ತೆ. ಮೆಟ್ಟಿಲಿಂದ ದೂರದ ಮೂಲೆಯಿಂದ ಶುರು ಮಾಡಿ ಮೆಟ್ಟಿಲ ಕಡೆ ಬನ್ನಿ, ನಗ್ಬೇಡಿ, ನಾನು ಮೂಲೇಲಿ ಸಿಕ್ಕಾಕೊಂಡು ಒಂದೂವರೆ ಗಂಟೆ ಪ್ಯಾರಾಪೆಟ್ ನೆರಳಲ್ಲಿ ಕೂತಿದ್ದೀನಿ. ಮೊದಲ ಕೋಟು ತೆಳ್ಳಗೆ ಉದ್ದಕ್ಕೆ, ಎರಡನೇದು ಮಾರನೇ ದಿನ ಅಡ್ಡಕ್ಕೆ. ಬಳಿಯುವಾಗ ನೀರು ನೀರಾಗಿ ಬೂದು ಬಣ್ಣ ಕಾಣುತ್ತೆ, ಇದೇನಪ್ಪಾ ಬಿಳೀನೇ ಆಗ್ಲಿಲ್ಲ ಅಂತ ದಪ್ಪ ಬಳೀಬೇಡಿ, ಒಣಗ್ತಾ ಒಣಗ್ತಾ ಬಿಳಿ ಏರುತ್ತೆ, ದಪ್ಪ ಬಳಿದಿದ್ದು ಹಪ್ಪಳ ತರ ಏಳುತ್ತೆ. ಆಮೇಲೆ ಮೂರ್ನಾಲ್ಕು ದಿನ ಸಂಜೆ ಹೊತ್ತು ಒಂಚೂರು ನೀರು ಚಿಮುಕಿಸಿ. ಸುಣ್ಣ ಗಟ್ಟಿಯಾಗೋದು ಬರೀ ಒಣಗಿ ಅಲ್ಲ, ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಎಳ್ಕೊಂಡು ಮತ್ತೆ ಸುಣ್ಣದ ಕಲ್ಲೇ ಆಗೋದು, ಅದಕ್ಕೆ ತೇವ ಬೇಕು, ವಾರಗಟ್ಟಲೆ ಟೈಮೂ ಬೇಕು. ಅದಕ್ಕೇ ನಾನು ಯುಗಾದಿಗೆ ಮುಂಚೆ ಅಂತ ಬಡ್ಕೊಳ್ತಿರೋದು.

ಎರಡು ತೊಂದರೆ ಮೊದಲೇ ಹೇಳ್ಬಿಡ್ತೀನಿ. ಮಧ್ಯಾಹ್ನ ಮೇಲೆ ಹೋದ್ರೆ ಕಣ್ಣು ಕುಕ್ಕುತ್ತೆ, ಬಟ್ಟೆ ಒಣಗಾಕೋಕೆ ಹೋಗೋರಿಗೆ ತಂಪು ಕನ್ನಡಕ ಬೇಕು. ಮತ್ತೆ ಸಂಡಿಗೆ ಹಪ್ಪಳ ಇಡೋ ಕಾಲವೂ ಇದೇ, ಸುಣ್ಣದ ನೆಲದ ಮೇಲೆ ಬರೀ ಪಂಚೆ ಹಾಸಿದ್ರೆ ಸಾಲಲ್ಲ, ಕೆಳಗೊಂದು ಟಾರ್ಪಾಲ್ ಹಾಸಿ ಅದರ ಮೇಲೆ ಪಂಚೆ. ಇದಕ್ಕೆ ನಮ್ಮನೇಲಿ ದೊಡ್ಡ ಮಾತುಕತೆನೇ ಆಗಿ, ಈಗ ಅಮ್ಮನಿಗೆ ಅಂತ ಪೂರ್ವದ ಮೂಲೇಲಿ ಒಂದು ಹತ್ತಡಿ ಜಾಗ ಸುಣ್ಣ ಬಳೀದೆ ಬಿಟ್ಟಿದ್ದೀನಿ.

ಏಪ್ರಿಲ್: ಮಳೆನೀರು

ಲೆಕ್ಕ ಸುಲಭ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ 1 ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನಮ್ಮ 900 ಚದರಡಿ ಅಂದ್ರೆ ಸುಮಾರು 84 ಚದರ ಮೀಟರ್, ಆವಿ ಆಗೋದು ಚೆಲ್ಲೋದು ಅಂತ 15 ಪರ್ಸೆಂಟ್ ತೆಗೆದ್ರೂ ಹತ್ರ ಹತ್ರ 69,000 ಲೀಟರ್, ಅಂದ್ರೆ 6,000 ಲೀಟರಿನ ಟ್ಯಾಂಕರು ಹನ್ನೊಂದು. ಇಷ್ಟು ನೀರನ್ನ ಮೋರಿಗೆ ಬಿಟ್ಟು, ನೂರು ಕಿಲೋಮೀಟರ್ ದೂರದಿಂದ ಕಾವೇರಿನ ಕರೆಂಟ್ ಸುಟ್ಟು ಮೇಲಕ್ಕೆ ಎತ್ತಿಸ್ಕೊಂಡು ತರ್ತೀವಿ.

ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವ್ರ ಮನೆ ಬಗ್ಗೆ ತುಂಬಾ ಜನ ಕೇಳಿರ್ತೀರಿ, ತೊಂಬತ್ತರ ದಶಕದಿಂದ ಮಳೆನೀರಲ್ಲೇ ಸಂಸಾರ ನಡೆಸ್ತಿರೋ ಮನೆ. ಅಲ್ಲಿವರೆಗೂ ಹೋಗೋಕೆ ಮನೆ ಕಟ್ಟೋವಾಗಲೇ ಪ್ಲಾನ್ ಇರ್ಬೇಕು, ನಾವು ಒಂದು ಪೈಪಿಂದ ಶುರು ಮಾಡೋಣ. ಕಾನೂನು ಪ್ರಕಾರ 2009ರಿಂದ 60-40 ಮತ್ತೆ ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೆ, 30-40 ಮತ್ತೆ ಅದಕ್ಕಿಂತ ದೊಡ್ಡ ಸೈಟಲ್ಲಿ ಹೊಸದಾಗಿ ಕಟ್ಟೋರಿಗೆ ಮಳೆನೀರು ಕೊಯ್ಲು ಕಡ್ಡಾಯ ಅಂತ ಮಾಡಿದ್ರು, ನಮ್ಮಂಥ ಹಳೇ 30-40ಯವ್ರು ಅದ್ರಲ್ಲಿ ಬರಲ್ಲ, ಅದಕ್ಕೇ ನಮ್ಮ ಬೀದೀಲಿ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಕೈ ಹಾಕೋಕೆ ಮುಂಚೆ ಜಯನಗರ 5ನೇ ಬ್ಲಾಕಲ್ಲಿರೋ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಒಂದು ಸಲ ಹೋಗಿ ಬನ್ನಿ, ಜಲಮಂಡಳಿದು, ಫಿಲ್ಟರ್ ಮಾಡೆಲ್‌ಗಳನ್ನ ಕಣ್ಣಲ್ಲಿ ನೋಡಿದ್ರೆ ನಾನು ಇಲ್ಲಿ ಬರೆದಿದ್ದು ಅರ್ಧ ಸುಲಭ ಆಗುತ್ತೆ.

ಟೆರೇಸಿಂದ ಇಳಿಯೋ ಪೈಪು ಸಾಮಾನ್ಯವಾಗಿ ಮೂರು ನಾಲ್ಕು ಇರುತ್ತೆ. ಫೆಬ್ರವರಿಲಿ ಗುರುತು ಹಾಕಿದ್ರಲ್ಲ, ಅದ್ರಲ್ಲಿ ಜಾಸ್ತಿ ನೀರು ಇಳಿಯೋದು, ನೆಲದಡಿ ಇರೋ ನೀರಿನ ಸಂಪಿಗೆ ಹತ್ರ ಇರೋದು ಯಾವುದು ನೋಡಿ ಒಂದೇ ಒಂದು ಆರಿಸ್ಕೊಳ್ಳಿ. ನಮ್ಮದ್ರಲ್ಲಿ ಆ ಪೈಪಿಗೆ ಬರೋದು ಸುಮಾರು 300 ಚದರಡಿ ನೀರು.

ಈಗ ಮೊದಲ ಮಳೆ ನೀರು ಬಿಡೋ ವ್ಯವಸ್ಥೆ. ಟೆರೇಸ್ ಮೇಲೆ ಪಾರಿವಾಳದ ಹಿಕ್ಕೆ, ಧೂಳು, ಎಲೆ ಎಲ್ಲಾ ಇರುತ್ತೆ, ಮೊದಲ ಒಂದೆರಡು ಮಿಲಿಮೀಟರ್ ಮಳೆ ಇದನ್ನೆಲ್ಲಾ ತೊಳ್ಕೊಂಡು ಬರುತ್ತೆ, ಅದು ಡ್ರಮ್ಮಿಗೆ ಬರಬಾರ್ದು. ಇಳಿಯೋ ಪೈಪನ್ನ ನೆಲದಿಂದ ಹತ್ತು ಹನ್ನೊಂದಡಿ ಮೇಲೆ ಕಟ್ ಮಾಡಿ ಒಂದು ಟೀ (ಮೂರು ಬಾಯಿ ಇರೋ ಪೈಪ್ ಜೋಡಣೆ) ಹಾಕಿ, ಟೀಯ ಅಡ್ಡ ಬಾಯಿ ಫಿಲ್ಟರ್ ಕಡೆಗೆ, ನೇರ ಕೆಳಗಿನ ಬಾಯಿಗೆ ಉಳಿದ ಹಳೇ ಪೈಪೇ ಹಾಗೇ ಇರ್ಲಿ, ಅದರ ತುದಿಗೆ ಬಿಚ್ಚೋಕಾಗೋ ಥ್ರೆಡ್ ಕ್ಯಾಪು. 4 ಇಂಚಿನ ಪೈಪಲ್ಲಿ ಒಂದು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತೆ, ಹತ್ತಡಿಗೆ 24 ಲೀಟರ್, 300 ಚದರಡಿಗೆ ಹೆಚ್ಚು ಕಮ್ಮಿ ಮೊದಲ 1 ಮಿಲಿಮೀಟರ್ ಮಳೆ. ಗಲೀಜು ನೀರು ಮೊದ್ಲು ಕೆಳಗೆ ಹೋಗಿ ತುಂಬ್ಕೊಳ್ಳುತ್ತೆ, ತುಂಬಿದ ಮೇಲೆ ಬರೋ ಚೊಕ್ಕ ನೀರು ಅಡ್ಡ ಬಾಯಿಂದ ಹೋಗುತ್ತೆ. ಕ್ಯಾಪಿಗೆ ಒಂದು ಸಣ್ಣ ತೂತು, ದಬ್ಬಳದಷ್ಟು, ಮಾಡಿಬಿಡಿ. ಮಳೆ ನಿಂತ ಮೇಲೆ ತಾನೇ ತೊಟ್ಟಿಕ್ಕಿ ಖಾಲಿಯಾಗಿ ಮುಂದಿನ ಮಳೆಗೆ ರೆಡಿ ಇರುತ್ತೆ, ಇಲ್ದಿದ್ರೆ ನೀವೇ ನೆನಪಿಟ್ಕೊಂಡು ಬಿಚ್ಬೇಕು, ಯಾರಿಗೆ ನೆನಪಿರುತ್ತೆ. ಸುಣ್ಣ ಬಳಿದ ವರ್ಷ ಮಾತ್ರ ಮೊದಲ ಎರಡು ಮೂರು ಜೋರು ಮಳೆಗೆ ಕ್ಯಾಪ್ ಪೂರ್ತಿ ಬಿಚ್ಚಿಟ್ಟು ಅಷ್ಟೂ ಹೊರಗೆ ಬಿಟ್ಬಿಡಿ, ಬಿಡಿ ಸುಣ್ಣ ಎಲ್ಲಾ ಹೋಗ್ಲಿ. ಆಮೇಲೂ ಈ ನೀರು ಗಿಡಕ್ಕೆ, ನೆಲ ಒರೆಸೋಕೆ, ಬಟ್ಟೆಗೆ, ಟಾಯ್ಲೆಟ್ಟಿಗೆ. ಕುಡಿಯೋಕೆ ಅಡುಗೆಗೆ ಬೇಕು ಅಂದ್ರೆ ಟೆಸ್ಟ್ ಮಾಡಿಸದೆ ಬೇಡ.

ಫಿಲ್ಟರಿಗೆ 200 ಲೀಟರಿನ ನೀಲಿ ಡ್ರಮ್ಮು, ಗುಜರಿಲಿ ಸಿಗುತ್ತೆ. ಮೂಸಿ ನೋಡಿ ತಗೊಳ್ಳಿ, ಮಾವಿನ ಹಣ್ಣಿನ ಪಲ್ಪು ಜ್ಯೂಸು ಬಂದಿರೋದಾದ್ರೆ ಓಕೆ, ಕೆಮಿಕಲ್ ಬಂದಿರೋದು ಎಷ್ಟು ತೊಳೆದ್ರೂ ಬೇಡ. ತಳದಿಂದ ಎರಡಿಂಚು ಮೇಲೆ ಹೊರಹೋಗೋ ಪೈಪು, ಅದಕ್ಕೆ ಒಳಗಿಂದ ಜಾಲರಿ. ಮೊದ್ಲು ದಪ್ಪ ಜಲ್ಲಿ, 40 ಎಂಎಂದು, ಅರ್ಧ ಅಡಿ. ಅದರ ಮೇಲೆ 20 ಎಂಎಂ ಜಲ್ಲಿ ಅರ್ಧ ಅಡಿ. ಅದರ ಮೇಲೆ ನೈಲಾನ್ ಸೊಳ್ಳೆ ಪರದೆ ಎರಡು ಮಡಿಕೆ, ಆಮೇಲೆ ತೊಳೆದ ದಪ್ಪ ಮರಳು ಒಂದಡಿ, ಮತ್ತೆ ಪರದೆ, ಮೇಲೆ ಒಂದು ಪದರ ಜಲ್ಲಿ. ಕೊನೇ ಜಲ್ಲಿ ಯಾಕಂದ್ರೆ ನೀರು ರಭಸವಾಗಿ ಬಿದ್ದಾಗ ಮರಳಲ್ಲಿ ಗುಂಡಿ ಬೀಳಬಾರ್ದು ಅಂತ. ಮರಳನ್ನ ತೊಳೆದಷ್ಟೂ ಸಾಲದು, ನೀರು ತಿಳಿಯಾಗಿ ಬರೋವರೆಗೂ ತೊಳೀರಿ, ಎಂ ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು) ಆದ್ರೆ ಅದರ ಪುಡಿ ಹೋಗೋಕೆ ಇನ್ನೂ ಎರಡು ಪಟ್ಟು ಕೆಲ್ಸ. ತುಂಬಿದ ಡ್ರಮ್ಮು ಮುನ್ನೂರು ಕೆಜಿ ಮೇಲಿರುತ್ತೆ, ಸೈಜುಗಲ್ಲು ಇಲ್ಲ ಸಾಲಿಡ್ ಬ್ಲಾಕ್ ಹಾಕಿ ಗಟ್ಟಿ ಕಟ್ಟೆ ಮಾಡಿ ಆಮೇಲೆ ತುಂಬಿ, ತುಂಬಿದ ಮೇಲೆ ಸರಿಸೋಕಾಗಲ್ಲ.

ಇಲ್ಲೇ ತುಂಬಾ ಜನ ತಪ್ಪು ಮಾಡೋದು: ಇನ್ನೊಂದು 200 ಲೀಟರ್ ಡ್ರಮ್ಮು ಇಟ್ಟು ಮಳೆನೀರು ಹಿಡೀತೀನಿ ಅಂತಾರೆ. 300 ಚದರಡಿ ಮೇಲೆ 20 ಮಿಲಿಮೀಟರ್ ಬಿದ್ರೆ 550 ಲೀಟರ್ ಬರುತ್ತೆ, ಬೆಂಗಳೂರಿನ ಒಂದು ಸಂಜೆ ಮಳೆಗೆ 20 ದೊಡ್ಡ ವಿಷ್ಯವೇ ಅಲ್ಲ. ಡ್ರಮ್ಮು ಅರ್ಧ ಗಂಟೆಗೆ ತುಂಬಿ ಉಳಿದಿದ್ದೆಲ್ಲಾ ಗೋಡೆ ಬುಡಕ್ಕೆ ಸುರಿಯುತ್ತೆ. ಹಾಗಾಗಿ ಫಿಲ್ಟರಿಂದ ಹೊರಡೋ ಪೈಪು ಸೀದಾ ಸಂಪಿಗೆ ಹೋಗ್ಲಿ, ಬೆಂಗಳೂರಲ್ಲಿ ಸಂಪು ಇಲ್ದಿರೋ ಮನೆ ಕಮ್ಮಿನೇ ಅಲ್ವಾ. ಕಾವೇರಿ ನೀರನ್ನ ಕುಡಿಯೋಕೂ ಅದೇ ಸಂಪಿಂದ ಬಳಸೋರು ಆದ್ರೆ ಸಂಪಿಗೆ ಸೇರಿಸ್ಬೇಡಿ, ಬೇರೆ ಸಿಂಟೆಕ್ಸ್ ಟ್ಯಾಂಕ್ ಇಡಿ. ನಮ್ಮನೇಲಿ ಕುಡಿಯೋಕೆ ಸಂಪಿಗಿಂತ ಮುಂಚೆನೇ ಒಂದು ನಲ್ಲಿ ಇದೆ, ಹಂಗಾಗಿ ನಡೀತು. ಸಂಪೂ ತುಂಬಿದ್ರೆ ಉಳಿದಿದ್ದು ಇಂಗುಗುಂಡಿಗೆ. ಇಂಗುಗುಂಡಿ ಮಾತ್ರ ನೀವೇ ತೋಡ್ಬೇಡಿ, ಮೂರಡಿ ಅಗಲ ಹತ್ತಿಪ್ಪತ್ತಡಿ ಆಳದ ಗುಂಡಿ ಒಳಗೆ ಮಣ್ಣು ಕುಸಿಯುತ್ತೆ, ಉಸಿರು ಕಟ್ಟುತ್ತೆ. ಬಾವಿ ತೋಡೋದೇ ಕಸುಬಾಗಿರೋ ಮಣ್ಣು ಒಡ್ಡರು ಇದ್ದಾರೆ, ಮಣ್ಣಿನ ಬಣ್ಣ ನೋಡಿ ಎಲ್ಲಿ ನೀರು ಇಂಗುತ್ತೆ ಅಂತ ಹೇಳ್ತಾರೆ, ರಿಂಗು ಇಳಿಸೋದೂ ಅವ್ರೇ.

ಸೊಳ್ಳೆ ವಿಷ್ಯ ಮರೀಬೇಡಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದೇ ಹೀಗೆ ತೊಟ್ಟಿ ಡ್ರಮ್ಮಲ್ಲಿ ನಿಂತಿರೋ ನೀರಲ್ಲಿ, ಒಂದು ವಾರ ಹತ್ತು ದಿನದಲ್ಲಿ ಮರಿ ಹಾರೋಕೆ ರೆಡಿ. ಎಲ್ಲೆಲ್ಲಿ ಪೈಪಿನ ಬಾಯಿ ತೆರೆದಿದೆಯೋ ಅಲ್ಲೆಲ್ಲಾ ಜಾಲರಿ ಕಟ್ಟಿ, ಡ್ರಮ್ಮಿಗೆ ಬಿಗಿ ಮುಚ್ಚಳ.

ಇನ್ನು ಉಳಿದ ಚಿಲ್ಲರೆ ಕೆಲ್ಸಗಳು

ನಲ್ಲಿಗೆ ಏರೇಟರು, ಅಂದ್ರೆ ನೀರಿಗೆ ಗಾಳಿ ಬೆರೆಸಿ ಧಾರೆ ಕಮ್ಮಿ ಮಾಡೋ ಸಣ್ಣ ಜಾಲರಿ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಅಪಾರ್ಟ್‌ಮೆಂಟು ಹೋಟ್ಲುಗಳಿಗೆ ಇದನ್ನ ಕಡ್ಡಾಯ ಮಾಡ್ತು. 10 ಲೀಟರ್ ಬಕೆಟ್ ಇಟ್ಟು ನಲ್ಲಿ ಪೂರ್ತಿ ತಿರುಗಿಸಿ ಎಷ್ಟು ಸೆಕೆಂಡಿಗೆ ತುಂಬುತ್ತೆ ನೋಡಿ, ಒಂದು ನಿಮಿಷದ ಒಳಗೆ ತುಂಬಿದ್ರೆ ಆ ನಲ್ಲಿಗೆ ಏರೇಟರ್ ಬೇಕು. ಅಂಗಡಿಗೆ ಹೋಗೋಕೆ ಮುಂಚೆ ನಲ್ಲಿ ಬಾಯಿಗೆ ಥ್ರೆಡ್ಡು ಒಳಗಿದ್ಯಾ ಹೊರಗಿದ್ಯಾ ನೋಡ್ಕೊಂಡು ಫೋಟೋ ತಗೊಂಡೋಗಿ, ಇಲ್ದಿದ್ರೆ ಎರಡು ಸಲ ಓಡಾಟ ಗ್ಯಾರಂಟಿ. ಬಕೆಟ್ ತುಂಬೋ ನಲ್ಲಿಗೆ ಹಾಕ್ಬೇಡಿ, ಬಕೆಟ್ ನೀರು ಬಕೆಟ್ಟೇ, ನಿಧಾನ ಆಗೋದು ಬಿಟ್ರೆ ಏನೂ ಉಳಿಯಲ್ಲ. ಸಿಂಕು, ವಾಶ್ ಬೇಸಿನ್ನು ಎರಡಕ್ಕೆ ಸಾಕು. ಬೋರ್ ನೀರಿನ ಮನೆ ಆದ್ರೆ ಎರಡು ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲಿ ನೆನೆಸಿ, ಬಿಳಿ ಉಪ್ಪು ಕಟ್ಟಿರುತ್ತೆ.

ವಾಶಿಂಗ್ ಮೆಷಿನ್ ನೀರನ್ನ ಡ್ರಮ್ಮಿಗೆ ತಿರುಗಿಸೋದು ಐದು ನಿಮಿಷದ ಕೆಲ್ಸ, ಒಂದೇ ಎಚ್ಚರಿಕೆ, ಪೈಪಿನ ತುದಿ ನೆಲಕ್ಕೆ ಹಾಕ್ಬೇಡಿ. ಫ್ರಂಟ್ ಲೋಡ್ ಆದ್ರೆ ತುದಿ ಸುಮಾರು ಎರಡೂವರೆ ಮೂರಡಿ ಎತ್ತರದಲ್ಲಿರ್ಬೇಕು, ಕೆಳಗಿದ್ರೆ ಮೆಷಿನ್ ನೀರು ತುಂಬ್ತಾನೇ ಇರುತ್ತೆ, ಅದು ಹಾಗೇ ಹರಿದು ಹೋಗ್ತಾನೇ ಇರುತ್ತೆ, ನಮ್ಮನೇಲಿ ಒಂದಿಡೀ ಮಧ್ಯಾಹ್ನ ಹೀಗೇ ಆಗಿ ಸಂಪೇ ಖಾಲಿಯಾಗಿತ್ತು, ಉಳಿಸೋಕೆ ಹೋಗಿ. ಸೋಪಿನ ಮೊದಲ ನೀರು ಟಾಯ್ಲೆಟ್ಟಿಗೆ, ಜಾಲಿಸಿದ ನೀರು ಬಾಳೆ ಗಿಡಕ್ಕೆ, ಕಾಬಾಳೆಗೆ. ಸೊಪ್ಪು ತರಕಾರಿಗೆ ಬೇಡ, ತುಳಸಿಗಂತೂ ಹಾಕಿದ್ರೆ ಮನೇಲಿ ನಿಮ್ಮನ್ನ ಬಿಡಲ್ಲ. ಒಂದು ದಿನಕ್ಕಿಂತ ಜಾಸ್ತಿ ಇಟ್ರೆ ನಾತ ಹೊಡೆಯುತ್ತೆ.

ಪಶ್ಚಿಮದ ಕಿಟಕಿಗೆ ಒಳಗಡೆ ದಪ್ಪ ಕರ್ಟನ್ ಹಾಕೋ ಬದ್ಲು ಹೊರಗಡೆ ಬಿದಿರಿನ ಚಾಪೆ ಪರದೆ ಕಟ್ಟಿ. ಗಾಜು ದಾಟಿ ಒಳಗೆ ಬಂದ ಬಿಸಿಲನ್ನ ಕರ್ಟನ್ ತಡೆದ್ರೆ ಶಾಖ ಒಳಗೇ ಉಳೀತಲ್ಲ, ಗಾಜಿಗೆ ಮುಂಚೆನೇ ನಿಲ್ಲಿಸ್ಬೇಕು. ಸಜ್ಜಾ ಕೆಳಗೆ ಎರಡು ಹುಕ್ಕು, ಒಂದು ಹಗ್ಗ, ಅಷ್ಟೇ. ಮಳೆಗಾಲಕ್ಕೆ ಸುತ್ತಿ ಒಳಗಿಡಿ, ಬೂಸ್ಟು ಹಿಡಿಯುತ್ತೆ.

ಫ್ಯಾನು ಹಳೇದು 75 ವ್ಯಾಟ್ ತಿಂದ್ರೆ ಬಿಎಲ್‌ಡಿಸಿ ಫ್ಯಾನು, ಅಂದ್ರೆ ಕಮ್ಮಿ ಕರೆಂಟ್ ತಿನ್ನೋ ಮೋಟಾರಿನ ಹೊಸ ಫ್ಯಾನು, 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿದ್ರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯುತ್ತೆ. ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಬರಲ್ಲ ನಂಗ್ಯಾಕೆ ಅನ್ನೋರು, ಬೇಸಿಗೇಲಿ ನಿಮ್ಮ ಮೀಟರು 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಬಂದಾಗ ಯೋಚನೆ ಮಾಡಿ. ಚೆನ್ನಾಗಿ ಓಡ್ತಿರೋ ಎಲ್ಲಾ ಫ್ಯಾನೂ ಒಟ್ಟಿಗೆ ಎಸೀಬೇಡಿ, ಹಗಲೂ ರಾತ್ರಿ ಓಡೋ ಒಂದನ್ನ ಮೊದ್ಲು ಬದಲಾಯಿಸಿ. ಹಳೇ ರೆಗ್ಯುಲೇಟರ್ ಅದಕ್ಕೆ ಆಗಲ್ಲ, ಬೈಪಾಸ್ ಮಾಡ್ಬೇಕು, ವೈರಿಂಗ್ ಗೊತ್ತಿಲ್ದಿದ್ರೆ ಎಲೆಕ್ಟ್ರಿಷಿಯನ್ ಕರೀರಿ, ಇದ್ರಲ್ಲಿ ಶೌರ್ಯ ಬೇಡ.

ಕಾಂಪೋಸ್ಟ್ ಬಗ್ಗೆ ಎಲ್ರೂ ಬರೆದಿದ್ದಾರೆ, ನಂದು ಒಂದೇ ಮಾತು. ಹುಳ ಬಂತು ವಾಸ್ನೆ ಬಂತು ಅನ್ನೋರೆಲ್ಲಾ ಹಸಿ ಕಸ ಜಾಸ್ತಿ ಒಣ ಎಲೆ ಕಮ್ಮಿ ಹಾಕಿರ್ತಾರೆ, ಮಳೆಗಾಲದಲ್ಲಿ ಒಣ ಎಲೆ ಎಲ್ಲಿಂದ ಬರ್ಬೇಕು. ಬೇಸಿಗೆ ಶುರುವಾಗ್ತಿದ್ದಂಗೆ ರಸ್ತೆ ತುಂಬಾ ಹೊಂಗೆ ಎಲೆ ಬಿದ್ದಿರುತ್ತೆ, ಗುಡಿಸಿ ಸುಡ್ತಿರ್ತಾರೆ, ಅದನ್ನ ನಾಲ್ಕು ಗೋಣಿಚೀಲ ತುಂಬಿ ಮೆಟ್ಟಿಲ ಕೆಳಗೆ ಇಟ್ಕೊಳ್ಳಿ, ವರ್ಷಪೂರ್ತಿಗೆ ಆಗುತ್ತೆ.

ಬಾಡಿಗೆ ಮನೆಯೋರು ಓನರನ್ನ ಕೇಳ್ದೆ ಪೈಪ್ ಕಟ್ ಮಾಡ್ಬೇಡಿ, ಆದ್ರೆ ಸುಣ್ಣಕ್ಕೆ ಬೇಡ ಅನ್ನೋ ಓನರ್ ಕಮ್ಮಿ, ಅವ್ರ ಮನೆಗೇ ಬಣ್ಣ ಬಳಿದಂಗಾಗುತ್ತಲ್ಲ. ನಮ್ಮ ಪಕ್ಕದ ಬಿಲ್ಡಿಂಗಲ್ಲಿ ಮೇಲಿನ ಮನೆ ಹುಡುಗ್ರು ಕೇಳಿದ್ದಕ್ಕೆ ಓನರ್ ಆಂಟಿ ಸುಣ್ಣದ ಮೂಟೆ ದುಡ್ಡೂ ಕೊಟ್ರಂತೆ.

ಮಳೆಗಾಲ ಮುಗಿಯೋದು ಬೆಂಗಳೂರಲ್ಲಿ ದೀಪಾವಳಿ ಆಸುಪಾಸಿಗೆ, ಸೆಪ್ಟೆಂಬರ್ ಅಕ್ಟೋಬರಲ್ಲೇ ಜಾಸ್ತಿ ಬೀಳೋದು, ಹಾಗಾಗಿ ಅಲ್ಲಿವರೆಗೂ ಫಿಲ್ಟರ್ ಬಿಚ್ಚೋಕೆ ಹೋಗ್ಬೇಡಿ. ಆಮೇಲೆ ಒಂದು ಭಾನುವಾರ ಮರಳು ತೆಗೆದು ತೊಳೆದು ಟೆರೇಸ್ ಮೇಲೆ ಹರಡಿ ಒಣಗಿಸಿ, ಜಾಲರಿ ಹರಿದಿದ್ರೆ ಬದಲಾಯಿಸಿ, ಡ್ರಮ್ಮು ಬೋರಲು ಹಾಕಿ. ಸುಣ್ಣ ಅಷ್ಟೊತ್ತಿಗೆ ಅಲ್ಲಲ್ಲಿ ಮಾಸಿ ಪಾಚಿ ಹಿಡಿದು ಚುಕ್ಕೆ ಚುಕ್ಕೆ ಆಗಿರುತ್ತೆ, ಪಾಚಿ ಇರೋ ಕಡೆ ಜಾರುತ್ತೆ, ಗಟ್ಟಿ ಪೊರಕೇಲಿ ಉಜ್ಜಿ ಬಿಟ್ಬಿಡಿ, ಚಳಿಗಾಲದಲ್ಲಿ ಸ್ಲ್ಯಾಬ್ ಸ್ವಲ್ಪ ಬಿಸಿಲು ಕುಡಿದ್ರೆ ರಾತ್ರಿ ಒಳ್ಳೇದೇ. ಮುಂದಿನ ಮೂಟೆ ಶಿವರಾತ್ರಿ ಕಳೆದ ಮೇಲೆ ತಂದ್ರೆ ಸಾಕು, ಮೊದಲೇ ತಂದಿಟ್ರೆ ಗಾಳಿಗೆ ತೇವಕ್ಕೆ ಮೂಟೇಲೇ ಗಟ್ಟಿಯಾಗುತ್ತೆ.